ಹಮೀದಾ ಬಾನುವಿನ ಪಣ

ಶಿವಧನುಸ್ಸನ್ನು ಹೆದೆಯೇರಿಸಿದವನಿಗೇ ಮಗಳನ್ನು ಕೊಡುವೆನೆಂದು ಜನಕರಾಜನು ಪಣವೊಡ್ಡಿದನು. ಆದಿಕಾವ್ಯವು ಸೀತೆಯನ್ನು ‘ವೀರ್ಯಶುಲ್ಕೆ’ ಎಂದು ಕರೆದಿರುವುದು ಈ ಕಾರಣದಿಂದಲೇ. ಪಾಂಚಾಲಿಯ ಸ್ವಯಂವರದಲ್ಲಿ ಮತ್ಸ್ಯಯಂತ್ರವನ್ನು ಭೇದಿಸುವುದೇ ಶುಲ್ಕವಾಯಿತು. ಈ ಎರಡು ಪ್ರಸಂಗಗಳಲ್ಲಿಯೂ ಪಣವೊಡ್ಡಿದವನು ತಂದೆ, ಪರೀಕ್ಷೆಗೆ ನಿಂತವರು ಗಂಡಸರು. ಕನ್ಯೆಯಾದರೋ ಮಾಲೆಯನ್ನು ಹಿಡಿದು ನಿಂತಿದ್ದವಳು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ ಮಾತ್ರ ಬೇರೊಂದು ಚಿತ್ರವು ಸ್ಮರಣೆಗೆ ಬರುವುದು. ಸ್ತ್ರೀರಾಜ್ಯದ ಪ್ರಮೀಳೆಯು ಯಜ್ಞಾಶ್ವವನ್ನು ಕಟ್ಟಿಹಾಕಿ, ಅರ್ಜುನನಿಗೆ ತಾನೇ ಎದುರು ನಿಂತು, ಯುದ್ಧವನ್ನೂ ವಿವಾಹವನ್ನೂ ಒಂದೇ ಉಸಿರಿನಲ್ಲಿ ಮುಂದಿಟ್ಟವಳು. ಕಾವ್ಯದ ಈ ಪ್ರಮೀಳೆಯನ್ನು ನೆನಪಿಗೆ ತರುವ ಹೆಂಗಸೊಬ್ಬಳು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕುಸ್ತಿಯ ಕಣಕ್ಕಿಳಿದಳು. ಆಕೆಯೇ ಹಮೀದಾ ಬಾನು.

ಮಲ್ಲವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮಲ್ಲರ ತರಗತಿ, ಆಹಾರ, ಸಾಧನೆಗಳೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಅರಸನ ಅನ್ನವನ್ನುಂಡು ಅರಸನ ಮುಂದೆ ಸೆಣಸುವುದು ಅಂದಿಗೇ ಒಂದು ವೃತ್ತಿಯಾಗಿತ್ತು. ಕೊಗನೊಳ್ಳಿಯನ್ನು ದಾಟಿದೊಡನೆ ಸಿಗುವ ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿ, ಕೊಲ್ಲಾಪುರದ ಗಾದಿಗೆ ದತ್ತಕರಾಗಿ ಹೋದ ಶಾಹೂ ಮಹಾರಾಜರು ಆ ಪರಂಪರೆಗೆ ಹೊಸ ಕಳೆಯನ್ನು ತಂದರು. 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನವು ಅವರ ಕುಸ್ತಿಪ್ರೇಮಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಚಿಕ್ಕೋಡಿ-ನಿಪ್ಪಾಣಿಯ ಸೀಮೆಗೂ ಈ ಗಾಳಿಯು ಬೀಸಿತು. ತಾಲೀಮು, ವಸ್ತಾದ, ಪೈಲವಾನ ಎಂಬ ಮಾತುಗಳು ಇಲ್ಲಿನ ಮಕ್ಕಳಿಗೂ ಪರಿಚಿತವಾದವು. ಆದರೆ ಆ ಕಣಗಳ ಕೆಮ್ಮಣ್ಣಿನ ಮೇಲೆ ಹೆಂಗಸು ಕಾಲಿಡುವ ವಾಡಿಕೆ ಮಾತ್ರ ಎಲ್ಲಿಯೂ ಇರಲಿಲ್ಲ.

ಹಮೀದಾ ಬಾನು ಹುಟ್ಟಿದ್ದು ಉತ್ತರಪ್ರದೇಶದ ಮಿರ್ಜಾಪುರದಲ್ಲಿ, ಪೈಲವಾನರ ಮನೆಯಲ್ಲಿ. ತನ್ನೊಡನೆ ಸೆಣಸಲು ಅಲ್ಲಿ ಹೆಂಗಸರಾರೂ ಇಲ್ಲದುದರಿಂದ ಆಕೆಯು ಊರನ್ನು ಬಿಟ್ಟು ಅಲೀಗಢಕ್ಕೆ ಬಂದು, ಸಲಾಂ ಪೈಲವಾನನೆಂಬವನಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡಳು. ಗುರುವಾದವನು ಕ್ರಮೇಣ ಆಕೆಯ ಜೀವನಸಂಗಾತಿಯೂ ಆದನು. ವಿದ್ಯೆ, ವ್ಯವಹಾರ, ಒಲವು ಎಂಬ ಮೂರು ಎಳೆಗಳು ಒಂದೇ ಹುರಿಯಾಗಿ ಹೊಸೆದುಕೊಂಡುದು ಹೀಗೆ. ಈ ಹುರಿಯೇ ಆಕೆಯ ಚರಿತ್ರೆಯ ತಿರುಳು.

ಆಕೆಯ ಹೆಸರು ಎಷ್ಟು ಬೇಗನೆ ಹರಡಿತೆಂಬುದಕ್ಕೆ 1944ರ ಮುಂಬಯಿಯ ಪ್ರಸಂಗವೇ ಸಾಕು. ಗೂಂಗಾ ಪೈಲವಾನನೊಡನೆ ಆಕೆಯ ಕುಸ್ತಿಯನ್ನು ನೋಡಲು ಸುಮಾರು 20,000 ಜನರು ನೆರೆದಿದ್ದರು. ಆತನು ಹೆಚ್ಚಿನ ಹಣವನ್ನೂ ಸಿದ್ಧತೆಗೆ ಹೆಚ್ಚಿನ ಕಾಲವನ್ನೂ ಕೇಳಿದುದರಿಂದ ಕುಸ್ತಿಯು ನಿಂತುಹೋಗಲು, ಜನರು ರೊಚ್ಚಿಗೆದ್ದು ಮೈದಾನವನ್ನೇ ಹಾಳುಗೆಡವಿದರು. ಪತ್ರಿಕೆಗಳು ಆಕೆಯ ತೂಕ 108 ಕಿಲೋ, ಎತ್ತರ 5 ಅಡಿ 3 ಅಂಗುಲವೆಂದು ಬರೆದವು; ದಿನಕ್ಕೆ ಐದೂವರೆ ಲೀಟರಿಗೂ ಮೇಲೆ ಹಾಲು, ಆರು ಮೊಟ್ಟೆ, ಒಂದು ಕೋಳಿ, ಕಿಲೋದಷ್ಟು ಮಾಂಸ, ಅರ್ಧ ಕಿಲೋಗೆ ಸಮೀಪ ಬೆಣ್ಣೆ ಎಂದು ಆಕೆಯ ಊಟದ ಪಟ್ಟಿಯನ್ನೂ ಅಚ್ಚುಹಾಕಿದವು. ಸೋಮೇಶ್ವರನು ಮಲ್ಲರ ಊಟವನ್ನು ಬರೆದುದು ರಾಜ್ಯದ ಬೊಕ್ಕಸಕ್ಕಾಗಿ. ಪತ್ರಿಕೆಗಳು ಬರೆದುದು ಓದುಗರ ಕುತೂಹಲಕ್ಕಾಗಿ. ಅರಸನ ಸ್ಥಾನದಲ್ಲಿ ಟಿಕೀಟು ಕೊಂಡ ಪ್ರೇಕ್ಷಕನು ಬಂದು ಕುಳಿತಿದ್ದನು.

ಆ ಪ್ರೇಕ್ಷಕನನ್ನು ಸೆಳೆದ ಪಣವು ಹೊರಬಿದ್ದುದು 1954ರ ಫೆಬ್ರುವರಿಯಲ್ಲಿ. ತನ್ನನ್ನು ಕಣದಲ್ಲಿ ಸೋಲಿಸಿದವನನ್ನೇ ವರಿಸುವೆನೆಂದು ಆಕೆಯು ಸಾರಿದಳು. ಪಟಿಯಾಲಾದ ಒಬ್ಬನೂ ಕಲಕತ್ತೆಯ ಒಬ್ಬನೂ ಸೋತುಹೋದರು. ಮೇ ತಿಂಗಳಲ್ಲಿ ಬಡೋದೆಯ ಕುಸ್ತಿಗೆ ಒಪ್ಪಿದ್ದ ಛೋಟೇ ಗಾಮಾ ಕೊನೆಯ ಗಳಿಗೆಯಲ್ಲಿ ಹಿಂದೆಗೆದನು; ಅವನ ಬದಲು ಬಂದ ಬಾಬಾ ಪೈಲವಾನನು 1 ನಿಮಿಷ 34 ಸೆಕೆಂಡುಗಳಲ್ಲಿ ಚಿತ್ತಾದನು. ಅದೇ ವರ್ಷ ಮುಂಬಯಿಯಲ್ಲಿ ರಷ್ಯದ ವೇರಾ ಚಿಸ್ಟಿಲಿನಳು ಒಂದು ನಿಮಿಷವೂ ನಿಲ್ಲಲಾರದೆ ಹೋದಳು.

ಆದರೆ ಗೆದ್ದವಳಿಗೆ ಹಾರ ತುರಾಯಿಗಳಷ್ಟೇ ಸಿಕ್ಕಲಿಲ್ಲ. ಗಂಡಸನ್ನು ಕೆಡವಿದ ಮೇಲೆ ಕಲ್ಲಿನೇಟುಗಳನ್ನು ಎದುರಿಸಿ ಪೋಲೀಸರ ರಕ್ಷಣೆ ಪಡೆದ ಪ್ರಸಂಗವೂ ಉಂಟು. ಪುಣೆಯಲ್ಲಿ ರಾಮಚಂದ್ರ ಸಾಳುಂಖೆಯೊಡನೆ ಗೊತ್ತಾಗಿದ್ದ ಕುಸ್ತಿಯು ಅಲ್ಲಿಯ ಕುಸ್ತಿ ಸಂಘದ ವಿರೋಧದಿಂದ ನಿಂತುಹೋಯಿತು. ಆಕೆಯು ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಲ್ಲಿ ದೂರಿಕೊಂಡಳು. ಬೆಳಗಾವಿ ಜಿಲ್ಲೆಯೂ 1956ರವರೆಗೆ ಅದೇ ರಾಜ್ಯದ ಆಳಿಕೆಯಲ್ಲಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಹೆಂಗಸೆಂಬ ಕಾರಣಕ್ಕೆ ನಿಷೇಧಿಸಿದುದಲ್ಲ, ಕುಸ್ತಿಯನ್ನು ಏರ್ಪಡಿಸುವವರು ಹುಸಿ ಎದುರಾಳಿಗಳನ್ನು ನಿಲ್ಲಿಸುತ್ತಾರೆಂಬ ದೂರುಗಳಿಗಾಗಿ ಎಂದು ಅವರು ಉತ್ತರವಿತ್ತರು. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಹೊಟ್ಟೆಪಾಡಿನ ಕುಸ್ತಿಯಲ್ಲಿ ಆಟವೆಷ್ಟು, ಜಾಹೀರಾತೆಷ್ಟು ಎಂಬುದು ಎಂದಿನಿಂದಲೂ ಬಿಡಿಸಲಾಗದ ಗಂಟು. ವಿವಾಹದ ಪಣವೂ ಆ ಗಂಟಿನ ಒಂದು ಎಳೆಯೇ ಸರಿ.

ಆಕೆಯ ನಿಜವಾದ ಪಂದ್ಯವು ನಡೆದುದು ಬೇರೆ ಎಡೆಯಲ್ಲಿ. 1954ರಲ್ಲಿಯೇ ಆಕೆಯು ಯೂರೋಪಿಗೆ ಹೋಗಿ ಅಲ್ಲಿಯ ಮಲ್ಲರೊಡನೆ ಸೆಣಸುವೆನೆಂದು ಪ್ರಕಟಿಸಿದಳು. ಬಳಿಕ ಕೆಲಕಾಲದಲ್ಲಿಯೇ ಆಕೆಯ ಹೆಸರು ಕುಸ್ತಿಯ ಸುದ್ದಿಯಿಂದ ಮಾಯವಾಯಿತು. ಆಕೆಯು ಸಾಕಿದ ಮಗನ ಮನೆಯವರು ಹೇಳುವ ಕಾರಣವಿದು: ಆ ಪಯಣವು ಸಲಾಂ ಪೈಲವಾನನಿಗೆ ಒಪ್ಪಿಗೆಯಾಗಲಿಲ್ಲ, ಅವನು ದೊಣ್ಣೆಯಿಂದ ಹೊಡೆದು ಆಕೆಯ ಮೂಳೆಗಳನ್ನು ಮುರಿದನು, ಬಹುಕಾಲ ಆಕೆಯು ಊರುಗೋಲಿಲ್ಲದೆ ನಡೆಯಲಾರದಾದಳು. ಅವರಿಬ್ಬರಿಗೂ ಮದುವೆಯಾಗಿತ್ತೆಂದು ಸಲಾಂನ ಮಗಳು ಹೇಳಿದರೆ, ಆಗಿರಲಿಲ್ಲವೆಂದು ಹಮೀದಾಳ ಮನೆಯವರು ಹೇಳುತ್ತಾರೆ. ಇಬ್ಬರೂ ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಹಾಲಿನ ವ್ಯಾಪಾರ ನಡೆಸುತ್ತಿದ್ದರು. ಕಡೆಗೆ ಅವನು ಅಲೀಗಢಕ್ಕೆ ಮರಳಿದನು. ಆಕೆಯು ಕಲ್ಯಾಣದಲ್ಲಿಯೇ ಉಳಿದು, ಹಾಲು ಮಾರಿ, ರಸ್ತೆಯ ಬದಿಯಲ್ಲಿ ತಿಂಡಿಗಳನ್ನು ಮಾರಿ, 1986ರಲ್ಲಿ ತೀರಿಕೊಂಡಳು.

ಕೂಡಿ ದುಡಿಯುವೆಡೆಯಲ್ಲಿ ಒಲವು ಹುಟ್ಟುವುದು ಸಹಜ; ಅದನ್ನು ತಪ್ಪೆನ್ನಲು ಯಾವ ಶಾಸ್ತ್ರವೂ ಇಲ್ಲ. ಆದರೆ ವಿದ್ಯೆ ಕಲಿಸುವವನು, ಕುಸ್ತಿ ಗೊತ್ತುಮಾಡುವವನು, ಮನೆಯಲ್ಲಿ ಜತೆಗಿರುವವನು ಒಬ್ಬನೇ ಆದಾಗ, ಅವನೊಡನೆ ಮುನಿಸಾದ ದಿನ ಹೆಣ್ಣಿಗೆ ವಿದ್ಯೆಯೂ ಅನ್ನವೂ ಮನೆಯೂ ಒಟ್ಟಿಗೇ ಕೈಬಿಡುವುವು. ಕಣದಲ್ಲಿ ತೀರ್ಪುಗಾರನುಂಟು, ಸಾವಿರಾರು ಸಾಕ್ಷಿಗಳುಂಟು. ಚಿತ್ತಾದವನನ್ನು ಮತ್ತೆ ಹೊಡೆಯಬಾರದೆಂಬ ನಿಯಮವುಂಟು. ಮನೆಯ ಬಾಗಿಲೊಳಗೆ ಇವೊಂದೂ ಇರಲಿಲ್ಲ.

ಮುಂದಿನ ತಲೆಮಾರಿನ ಹೆಣ್ಣುಮಕ್ಕಳ ಪಾಡು ಇಷ್ಟರಮಟ್ಟಿಗೆ ಬದಲಾಯಿತು. 2004ರಲ್ಲಿ ಮಹಿಳೆಯರ ಕುಸ್ತಿಯು ಒಲಿಂಪಿಕ್ ಕ್ರೀಡೆಗಳನ್ನು ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕವನ್ನು ತಂದಳು. 2023ರಲ್ಲಿ ಆಕೆಯೂ ಆಕೆಯ ಸಂಗಡಿಗರೂ ದಿಲ್ಲಿಯ ಬೀದಿಯಲ್ಲಿ ಕುಳಿತು, ಕುಸ್ತಿ ಸಂಘದ ಅಧ್ಯಕ್ಷರ ನಡತೆಯ ಮೇಲೆ ಬಹಿರಂಗವಾಗಿ ದೂರಿತ್ತರು. ಹಮೀದಾಳಿಗೆ ಅಂಥ ಬೀದಿಯೂ ಇರಲಿಲ್ಲ, ಸಂಗಡಿಗರೂ ಇರಲಿಲ್ಲ. ಬಾಬಾ ಪೈಲವಾನನನ್ನು ಕೆಡವಿದ ಗೆಲುವಿನ ಸ್ಮರಣೆಗೆಂದು 2024ರ ಮೇ 4ರಂದು ಗೂಗಲ್ ಸಂಸ್ಥೆಯು ಆಕೆಯ ಚಿತ್ರವನ್ನು ಪ್ರಕಟಿಸಿದಾಗ, ಮರೆತಿದ್ದ ಜನರು ಆ 94 ಸೆಕೆಂಡುಗಳನ್ನು ಕೊಂಡಾಡಿದರು. ಕೊಂಡಾಡತಕ್ಕದ್ದೇ. ಆದರೆ ಊರುಗೋಲನ್ನು ಹಿಡಿದು ನಡೆದ ಆಕೆಯ ವರ್ಷಗಳನ್ನೂ ಚರಿತ್ರೆಯು ಲೆಕ್ಕಕ್ಕೆ ಹಿಡಿಯಬೇಕು.