ಸೇತುವೆ ನಡಿಗೆಯಲ್ಲಿ ಶಾಸನ ಓದೋಣ: ಕುರುಗೋಡಿನಿಂದ ಸಿರುಗುಪ್ಪದವರೆಗೆ

ಹಳೆಯ ಸೇತುವೆಗಳ ಮೇಲೆ ನಡೆಯುತ್ತ, ಅಲ್ಲಲ್ಲಿ ನಿಂತು ಕವಿತೆ ಓದುವ ನಡಿಗೆಗಳು ಈಗ ಹಲವು ನಗರಗಳಲ್ಲಿವೆ. ಬಳ್ಳಾರಿ ಸೀಮೆಯಲ್ಲಿ ಅಂಥ ನಡಿಗೆ ಮಾಡಿದರೆ ಯಾವ ಕವಿತೆ ಓದಬೇಕು ಅಂತ ಕೇಳಿದರೆ, ಮೊದಲು ಶಾಸನ ಓದಿ, ಅದೂ ಗಟ್ಟಿಯಾಗಿ ಓದಿ ಅಂತ ಹೇಳುತ್ತೇನೆ.

ಬಳ್ಳಾರಿಯಿಂದ ಹೊರಟರೆ ಮೊದಲು ಕುರುಗೋಡು. ದೊಡ್ಡಬಸವೇಶ್ವರನ ಭಾರೀ ನಂದಿ ಎಲ್ಲರಿಗೂ ಗೊತ್ತು. ಆದರೆ ಇದು 12ನೇ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿತ್ತು. ಇಲ್ಲಿನ ಶಾಸನಗಳನ್ನು ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದ 14ನೇ ಸಂಪುಟದಲ್ಲಿ ಪ್ರಕಟಿಸಿದರು. ಆ ಕಾಲದ ಕನ್ನಡ ಶಾಸನಗಳಲ್ಲಿ ಗದ್ಯದ ನಡುವೆ ಕಂದ, ವೃತ್ತಗಳು ಬರುತ್ತವೆ. ಕಲ್ಲಿನ ಮೇಲೆ ಮಾತ್ರ ಪಾದ ಬಿಡಿಸಿ ಕೆತ್ತಿರುವುದಿಲ್ಲ, ಸಾಲು ಮುಗಿದಲ್ಲಿ ಪದವನ್ನೇ ಮುರಿದು ಮುಂದಿನ ಸಾಲಿಗೆ ಹೋಗುತ್ತಾರೆ. ಕಣ್ಣಿಗೆ ಕಾಣದ ಪದ್ಯ ಕಿವಿಗೆ ಸಿಗುತ್ತದೆ. ಕಂದದ ಒಂದು, ಮೂರನೇ ಪಾದಕ್ಕೆ 12 ಮಾತ್ರೆ. ಎರಡು, ನಾಲ್ಕಕ್ಕೆ 20. ನಾಲ್ಕೂ ಪಾದಗಳ ಎರಡನೇ ಅಕ್ಷರದಲ್ಲಿ ಪ್ರಾಸ. ಕಲ್ಲಿನ ಅಂಚು ಒಡೆದು ಅಕ್ಷರ ಹೋಗಿದ್ದರೆ ಎಷ್ಟು ಮಾತ್ರೆ ಕಾಣೆಯಾಗಿದೆ, ಪ್ರಾಸಾಕ್ಷರ ಯಾವುದಿರಬೇಕು ಅನ್ನುವುದನ್ನು ಛಂದಸ್ಸೇ ಹೇಳಿಬಿಡುತ್ತದೆ. ಹಾಗಾಗಿ ಗಟ್ಟಿಯಾಗಿ ಓದುವುದು ಅಲಂಕಾರವಲ್ಲ, ಪಾಠ ಉಳಿಸುವ ಕೆಲಸ.

ಅಲ್ಲಿಂದ ಸಿರುಗುಪ್ಪ ತಾಲ್ಲೂಕು. ಇಲ್ಲಿನ ನಿಟ್ಟೂರು, ಉಡೇಗೊಳಗಳಲ್ಲಿ 1970ರ ದಶಕದಲ್ಲಿ ಅಶೋಕನ ಕಿರುಶಿಲಾಶಾಸನಗಳು ಬೆಳಕಿಗೆ ಬಂದವು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಂತೆ ಇವೆರಡರಲ್ಲೂ 'ಅಶೋಕ' ಎಂಬ ಹೆಸರೇ ಇದೆ. ಉಳಿದ ಬಹುತೇಕ ಕಡೆ ಬರುವುದು 'ದೇವಾನಾಂಪ್ರಿಯ' ಮಾತ್ರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಈ ಊರಿನ ರೈತನಿಗೆ ಅದು ಹೇಗೆ ತಿಳಿಯಬೇಕು? ಉತ್ತರ ಶಾಸನದಲ್ಲೇ ಇದೆ: ಈ ಮಾತನ್ನು ಅಶೋಕ 'ಕೇಳಿಸುವ' ಘೋಷಣೆ ಅಂತಲೇ ಕರೆಯುತ್ತಾನೆ. ಇದೇ ಗುಂಪಿನ, ಕರ್ನೂಲು ಜಿಲ್ಲೆಯ ಎರ್ರಗುಡಿ ಪಾಠದಲ್ಲಿ ರಜ್ಜುಕ ಎಂಬ ಅಧಿಕಾರಿ ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕು ಎಂಬ ಆಜ್ಞೆಯೂ ಇದೆ. ಅಂದರೆ ಕಲ್ಲು ಬರೀ ದಾಖಲೆ. ಸುದ್ದಿ ಊರಿಗೆ ಮುಟ್ಟಿದ್ದು ದನಿಯಿಂದ.

ಕೊನೆಗೆ ಸಿಂಧನೂರು ರಸ್ತೆಯ ತುಂಗಭದ್ರಾ ಸೇತುವೆ. ಈ ದಡ ಮದ್ರಾಸ್ ಪ್ರಾಂತ್ಯ, ಆ ದಡ ನಿಜಾಮರ ರಾಜ್ಯ ಆಗಿದ್ದ ಕಾಲವೊಂದಿತ್ತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ರಾಯಚೂರು 1956ರಲ್ಲಿ. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಆ ದಡದ ಮಸ್ಕಿ, ಈ ದಡದ ನಿಟ್ಟೂರು ಒಂದೇ ಘೋಷಣೆ ಕೇಳಿದ್ದವು. ಇದೇ ಹೊಳೆಯ ಮೇಲ್ದಂಡೆಗೆ ಹೋದರೆ ಹಂಪಿ. ಅಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಇಂದಿಗೂ ನೀರಿನಲ್ಲಿ ಸಾಲಾಗಿ ನಿಂತಿವೆ, ಮೇಲಿನ ಹಾದಿ ಮಾತ್ರ ಇಲ್ಲ. ಅಲ್ಲಿ ಜನ ದುಂಡನೆಯ ಹರಿಗೋಲಿನಲ್ಲಿ ದಾಟುತ್ತಿದ್ದರೆಂದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಯಸ್ ಬರೆದಿದ್ದಾನೆ. ಓದುವವರಿಲ್ಲದ ಶಾಸನದ ಪಾಡೂ ಆ ಕಂಬಗಳದ್ದೇ.

ನಡಿಗೆಗೆ ಹೊರಡುವವರಿಗೆ ಒಂದೆರಡು ಮಾತು. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 9ನೇ ಸಂಪುಟದಲ್ಲಿ ಬಳ್ಳಾರಿ ಭಾಗದ ಶಾಸನಗಳಿವೆ. ಅಚ್ಚಾದ ಪಾಠ ಜೊತೆಗಿರಲಿ. ಅಕ್ಷರ ಎದ್ದು ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಓರೆಯಾಗಿ ಟಾರ್ಚ್ ಬಿಟ್ಟರೆ ಸಾಕು. ಓದುವಾಗ ಊರಿನವರನ್ನೂ ಕರೆಯಿರಿ. ತಮ್ಮೂರಿನ ಹೆಸರು ಕಲ್ಲಿನಲ್ಲಿದೆ ಅಂತ ಒಮ್ಮೆ ಕಿವಿಯಾರೆ ಕೇಳಿದವರು ಆ ಕಲ್ಲನ್ನು ಬಟ್ಟೆ ಒಗೆಯಲು ಬಿಡುವುದಿಲ್ಲ.