ಗೆರೆ ಹುಡುಕುವ ಸ್ಟೀರಿಂಗ್

ಬೆಂಗಳೂರಿನ ರಸ್ತೆಗಳ ಕಥೆ ಶುರುವಾಗುವುದೇ ಗೆರೆ ಎಳೆಯುವುದರಿಂದ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಲು ಹೊರಟಾಗ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಜಾಗದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಹೊಡೆಸಿದರೆಂದು ಐತಿಹ್ಯ. ನೇಗಿಲ ಸಾಲು ಹೋದಲ್ಲಿ ಬೀದಿಯಾಯಿತು, ಎತ್ತು ನಿಂತಲ್ಲಿ ಹೆಬ್ಬಾಗಿಲು ಎದ್ದಿತು. ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ ಎಂದು ಆ ಬಾಗಿಲುಗಳಿಗೆ ಹೆಸರು ಬಿತ್ತು.

ಪೇಟೆಯ ಆಚೆ ಧರ್ಮಾಂಬುಧಿ ಕೆರೆ ಇತ್ತು. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಅದರ ಮಗ್ಗುಲಲ್ಲಿ ಬೆಳೆದ ಗಾಂಧಿನಗರ ಸಿನಿಮಾ ಮಂದಿರ, ಲಾಡ್ಜು, ಹೋಟೆಲುಗಳಿಂದ ತುಂಬಿತು. ಇತ್ತ 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿ, ಮಲ್ಲೇಶ್ವರಗಳು ಮೇನು, ಕ್ರಾಸುಗಳ ನೇರ ಬೀದಿಗಳೊಂದಿಗೆ ರೂಪುಗೊಂಡವು. ರಸ್ತೆ ಎಲ್ಲಿ ಹೋಗಬೇಕೆಂದು ಯೋಜಕರು ಚೆನ್ನಾಗಿಯೇ ಗುರುತಿಸಿದ್ದರು. ಒಂದೇ ರಸ್ತೆಯೊಳಗೆ ಯಾವ ಗಾಡಿ ಎಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಆಗ ಯಾರಿಗೂ ಎದುರಾಗಿರಲಿಲ್ಲ. ಜಟಕಾ, ಎತ್ತಿನಗಾಡಿ, ಸೈಕಲ್ಲುಗಳು ಒಂದನ್ನೊಂದು ನೋಡಿಕೊಂಡೇ ದಾರಿ ಬಿಡುತ್ತಿದ್ದವು.

ಆ ಪ್ರಶ್ನೆ ಎದ್ದದ್ದು ಮೋಟಾರು ಕಾರು ಹೆಚ್ಚಿದ ಅಮೆರಿಕದಲ್ಲಿ. ಮಿಷಿಗನ್ ರಾಜ್ಯದ ವೇನ್ ಕೌಂಟಿಯಲ್ಲಿ ರಸ್ತೆ ಆಡಳಿತದ ಹೊಣೆ ಹೊತ್ತಿದ್ದ ಎಡ್ವರ್ಡ್ ಹೈನ್ಸ್ 1911ರಲ್ಲಿ ರಸ್ತೆಯ ನಟ್ಟನಡುವೆ ಬಣ್ಣದ ಗೆರೆ ಹಾಕಿಸಿದರು. 1917ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯೆ ಜೂನ್ ಮೆಕ್ಯಾರಲ್ ಅವರ ಕಾರನ್ನು ಎದುರಿನ ಲಾರಿಯೊಂದು ರಸ್ತೆಯಿಂದ ಕೆಳಗಿಳಿಸಿತು. ನಡುಗೆರೆಗಾಗಿ ಅವರು ವರ್ಷಗಟ್ಟಲೆ ಹೋರಾಡಿ, ಕೊನೆಗೆ ಆ ರಾಜ್ಯದ ಹೆದ್ದಾರಿಗಳಿಗೆಲ್ಲ ಅದನ್ನು ತಂದರು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ಗುರುತುಗಳಿಗೆಂದೇ ಸಂಹಿತೆ ಹೊರಡಿಸಿದ್ದು 1970ರಲ್ಲಿ. ಗೆರೆ ಎಷ್ಟು ಅಗಲ, ಎಲ್ಲಿ ತುಂಡು, ಎಲ್ಲಿ ಅಖಂಡ ಎಂಬುದೆಲ್ಲ ಅದರಲ್ಲಿದೆ.

ಇದೆಲ್ಲ ಮನುಷ್ಯನ ಕಣ್ಣಿಗೆಂದು ಮಾಡಿದ ಏರ್ಪಾಡು. ಅದೇ ಗೆರೆಯನ್ನು ಯಂತ್ರಕ್ಕೂ ಓದಿಸಬಹುದೆಂದು ಹೊರಟವರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ಪೊಮರ್ಲೋ ಮತ್ತು ಟಾಡ್ ಯೋಕೆಮ್ ಮುಖ್ಯರು. 1995ರಲ್ಲಿ ಇಬ್ಬರೂ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೊವರೆಗೆ, ಸುಮಾರು 4,500 ಕಿ.ಮೀ., ಒಂದು ವ್ಯಾನಿನಲ್ಲಿ ಹೋದರು. ಬ್ರೇಕು, ಆಕ್ಸಿಲರೇಟರು ಅವರ ಕಾಲಡಿ ಇದ್ದವು, ದಾರಿಯ ಶೇ. 98ರಷ್ಟು ಭಾಗದಲ್ಲಿ ಸ್ಟೀರಿಂಗ್ ತಿರುಗಿಸಿದ್ದು ಕಂಪ್ಯೂಟರ್. ಅವರ ಸಾಫ್ಟ್‌ವೇರ್ ಬರೀ ಬಣ್ಣದ ಗೆರೆಯನ್ನು ನಂಬಿ ಕೂತಿರಲಿಲ್ಲ. ಗೆರೆ ಇಲ್ಲದಿದ್ದರೆ ರಸ್ತೆಯ ಉದ್ದಕ್ಕೂ ಬಿದ್ದ ಎಣ್ಣೆಯ ಕಲೆ, ಚಕ್ರದ ಜಾಡುಗಳನ್ನೂ ಹಿಡಿದು ಸಾಗುತ್ತಿತ್ತು. ಜಪಾನಿನಲ್ಲಿ ಮಿತ್ಸುಬಿಷಿ ಡೆಬೊನೇರ್ ಕಾರು 1992ರಲ್ಲೇ ಗೆರೆ ನೋಡುವ ಕ್ಯಾಮೆರಾ ಹೊತ್ತು ಬಂದಿತ್ತು. 2001ರಲ್ಲಿ ನಿಸಾನ್ ಸೀಮಾ, 2003ರಲ್ಲಿ ಹೋಂಡಾ ಇನ್‌ಸ್ಪೈರ್ ಸ್ಟೀರಿಂಗಿಗೇ ನೆರವು ಕೊಡತೊಡಗಿದವು.

ಈ ಪಥರಕ್ಷಣೆಯ ನೆರವು ಕೆಲಸ ಮಾಡುವುದು ಹೀಗೆ. ಮುಂಗಾಜಿನ ಮೇಲ್ತುದಿಯಲ್ಲಿ, ಕನ್ನಡಿಯ ಹಿಂದೆ, ಪುಟ್ಟ ಕ್ಯಾಮೆರಾ ಇರುತ್ತದೆ. ಅದು ಸೆಕೆಂಡಿಗೆ ಹತ್ತಾರು ಚಿತ್ರ ತೆಗೆದು, ಕಪ್ಪು ಡಾಂಬರಿನ ಮೇಲೆ ಬಿಳಿ ಎದ್ದು ಕಾಣುವ ಅಂಚನ್ನು ಹುಡುಕುತ್ತದೆ. ಸಿಕ್ಕ ತುಣುಕುಗಳನ್ನು ಜೋಡಿಸಿ ಮುಂದಿನ ದಾರಿ ಎತ್ತ ಬಾಗುತ್ತದೆಂದು ಲೆಕ್ಕ ಹಾಕುತ್ತದೆ. ಇಂಡಿಕೇಟರ್ ಹಾಕದೆ ಕಾರು ಗೆರೆಯತ್ತ ಸರಿದರೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಮೋಟಾರು ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತದೆ. ಆ ತಳ್ಳು ಹಗುರ. ಚಾಲಕ ತುಸು ಬಲ ಹಾಕಿದರೆ ಅವನ ಮಾತೇ ನಡೆಯುತ್ತದೆ. ಸ್ಟೀರಿಂಗ್ ಮೇಲೆ ಕೈ ಇದೆಯೇ ಎಂದು ಸಂವೇದಕ ನೋಡುತ್ತಲೇ ಇರುತ್ತದೆ. ಇಲ್ಲದಿದ್ದರೆ ಎಚ್ಚರಿಸುತ್ತದೆ, ಕೇಳದಿದ್ದರೆ ನೆರವು ನಿಲ್ಲಿಸುತ್ತದೆ.

ಭಾರತದ ಮಧ್ಯಮ ವರ್ಗದ ಮನೆಗಳಿಗೆ ಇದು ತಲುಪಿದ್ದು ಈಚೆಗೆ. 2021ರ ಮಹೀಂದ್ರ ಎಕ್ಸ್‌ಯುವಿ700, ಎಂಜಿ ಆಸ್ಟರ್, 2022ರ ಹೋಂಡಾ ಸಿಟಿ ಹೈಬ್ರಿಡ್ ಅದನ್ನು ತಂದವು. ಇಂಥ ಸಾಫ್ಟ್‌ವೇರಿನಲ್ಲಿ ಬೆಂಗಳೂರಿನ ಕೈವಾಡವೂ ಇದೆ: ಬಾಷ್, ಮರ್ಸಿಡಿಸ್ ಬೆಂಜ್‌ಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ.

ಆದರೆ ಆ ಕಾರನ್ನು ಗಾಂಧಿನಗರಕ್ಕೆ ತಂದರೆ ಏನಾಗುತ್ತದೆ? ಸುಬೇದಾರ್ ಛತ್ರಂ ರಸ್ತೆಯಲ್ಲಿ ಅದು ಸುಮ್ಮನಿರುತ್ತದೆ. ಬಹುತೇಕ ಕಾರುಗಳಲ್ಲಿ ಈ ನೆರವು ಏಳುವುದೇ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದ ಮೇಲೆ, ಅದೂ ಗೆರೆ ಕಂಡರೆ. ಇಲ್ಲಿ ಎರಡೂ ಅಪರೂಪ. ಕೇಬಲಿಗೆ, ಪೈಪಿಗೆ, ಮೆಟ್ರೊಗೆ ಎಂದು ರಸ್ತೆ ಅಗೆದು ಮುಚ್ಚಿದಾಗ ಗೆರೆಯೂ ಮಣ್ಣುಪಾಲಾಗುತ್ತದೆ. ಮುಚ್ಚಿದವರು ಅದನ್ನು ಮತ್ತೆ ಬರೆಯುವುದು ಕಡಿಮೆ. ವೈಟ್ ಟಾಪಿಂಗ್ ಆದ ಕಡೆ ಇನ್ನೊಂದು ತೊಡಕು: ಮಸುಕು ಕಾಂಕ್ರೀಟಿನ ಮೇಲೆ ಬಿಳಿ ಬಣ್ಣ ಎದ್ದು ಕಾಣದು. ಕಾಣಲೆಂದು ಗೆರೆಯ ಪಕ್ಕಕ್ಕೆ ಕಪ್ಪು ಪಟ್ಟಿ ಬಳಿಯುವ ಪದ್ಧತಿ ಹೊರದೇಶಗಳಲ್ಲಿದೆ.

ನಿಜವಾದ ಅಪಾಯ ಇರುವುದು ಗಾಂಧಿನಗರದಲ್ಲಲ್ಲ, ಅಲ್ಲಿಂದ ಹೊರಬಿದ್ದ ಮೇಲೆ. ಮೇಖ್ರಿ ವೃತ್ತ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ವೇಗ ಏರುತ್ತದೆ, ನೆರವು ಎಚ್ಚರಗೊಳ್ಳುತ್ತದೆ. ರಾತ್ರಿ ಮಳೆ ಬಿದ್ದು ಎದುರಿನ ದೀಪಗಳು ನೀರಿನಲ್ಲಿ ಹೊಳೆದರೆ ಗೆರೆ ಅದರಲ್ಲಿ ಕರಗಿಹೋಗುತ್ತದೆ. ತೇಪೆ ಹಾಕಿದ ಡಾಂಬರಿನ ಅಂಚು, ಪೂರ್ತಿ ಅಳಿಸದ ಹಳೆಯ ಗುರುತು, ಕಾಮಗಾರಿಯ ತಾತ್ಕಾಲಿಕ ತಿರುವುಗಳು ಕ್ಯಾಮೆರಾವನ್ನು ದಾರಿ ತಪ್ಪಿಸಬಲ್ಲವು. ಗೆರೆ ಕೈಬಿಟ್ಟ ಕ್ಷಣ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಗುರುತು ಬೂದಿಬಣ್ಣಕ್ಕೆ ತಿರುಗುತ್ತದೆ, ಹಲವು ಕಾರುಗಳಲ್ಲಿ ಅಷ್ಟೇ ಸೂಚನೆ. ಯಂತ್ರ ನೋಡಿಕೊಳ್ಳುತ್ತದೆಂದು ಮೈಮರೆತವನಿಗೆ ಅದು ಕಾಣುವುದಿಲ್ಲ.

ಈ ನೆರವು ನಿರುಪಯೋಗಿ ಎಂದು ಯಾರೂ ಭಾವಿಸಬಾರದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಇದರ ಬೆಲೆ ತಿಳಿಯುತ್ತದೆ. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಡುರಾತ್ರಿ ಮದ್ದೂರು ದಾಟುವಾಗ ಕಣ್ಣೆಳೆದ ಚಾಲಕನ ಕಾರು ಪಕ್ಕದ ತಡೆಗೋಡೆಗೆ ಹೊರಳುವ ಮುನ್ನ ಆ ಹಗುರ ತಳ್ಳು ಒಂದು ಕುಟುಂಬವನ್ನು ಉಳಿಸಬಲ್ಲದು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ತುರ್ತು ಪಥರಕ್ಷಣೆ ಕಡ್ಡಾಯವಾಗಿರುವುದು ಇದೇ ಕಾರಣಕ್ಕೆ.

ಆದ್ದರಿಂದ ರಸ್ತೆ ಅಗೆಯಲು ಅನುಮತಿ ಕೊಡುವ ಇಲಾಖೆಗಳು ಗೆರೆ ಮರಳಿ ಬರೆಯುವುದನ್ನೂ ಅದೇ ಗುತ್ತಿಗೆಗೆ ಸೇರಿಸಲಿ, ಗಾಜಿನ ಮಣಿ ಬೆರೆಸಿದ ಹೊಳೆಯುವ ಬಣ್ಣದಲ್ಲೇ ಬರೆಸಲಿ. ಕಾರು ಕೊಂಡವರು ಕೈಪಿಡಿಯಲ್ಲಿ ಈ ನೆರವಿನ ಮಿತಿಗಳನ್ನು ಹೇಳುವ ಪುಟವನ್ನು ಮೊದಲ ದಿನವೇ ಓದಲಿ, ಕೈಯನ್ನು ಸ್ಟೀರಿಂಗ್ ಮೇಲಿಂದ ತೆಗೆಯದಿರಲಿ.