ಗುಮ್ಮಟದ ನಾದ, ಕೋಣೆಯ ನುಡಿ

ನನ್ನ ತಂಗಿಯ ಮಗನು ಲಂಡನ್ನಿನಲ್ಲಿದ್ದಾನೆ. “ಮಾಮಾ, ಸಣ್ಣ ಆಂಪ್ಲಿಫಾಯರ್ ತಗೊಂಡೀನಿ. ಗೆಳೆಯನ ದೊಡ್ಡ ಸ್ಪೀಕರಿನ್ಯಾಗ ಅವ್ವನ ಬೀಸೂ ಹಾಡು ಬರೀ ಗುಂಯ್ ಅಂತದ. ಎಂಥಾ ಸ್ಪೀಕರ್ ತರಲಿ?” ಎಂದು ಕೇಳಿದನು. ಬಬಲೇಶ್ವರದ ಮನೆಯಲ್ಲಿ ಧ್ವನಿಮುದ್ರಿಸಿದ ಹಾಡದು. ಹಾಡಿದ ತಂಗಿ ಈಗಿಲ್ಲ.

ಉತ್ತರವು ನಮ್ಮ ವಿಜಯಪುರದ ಇತಿಹಾಸದಲ್ಲಿಯೇ ಇದೆ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿ ಗೋಳಗುಮ್ಮಟ. ಒಳವ್ಯಾಸ ಸುಮಾರು 38 ಮೀಟರು. ಮೇಲಿನ ಪಡಸಾಲೆಯಲ್ಲಿ ಪಿಸುಗುಟ್ಟಿದ ಮಾತನ್ನು ಬಾಗಿದ ಗೋಡೆಯು ಚದರಗೊಡದೆ ಆಚೆಯ ಬದಿಗೆ ಒಯ್ಯುತ್ತದೆ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಇಂಥದೇ ಪಡಸಾಲೆಯನ್ನು ಸಿ. ವಿ. ರಾಮನ್ನರು 1921ರಲ್ಲಿ ಪರೀಕ್ಷಿಸಿದ್ದರು. ಆದರೆ ಗುಮ್ಮಟದಲ್ಲಿ ಹಾಡಿ ನೋಡಿರಿ: ಹಿಂದಿನ ನುಡಿ ಆರುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ಮಹಮ್ಮದನ ತಂದೆ ಎರಡನೆಯ ಇಬ್ರಾಹಿಮನು (1580–1627) ಸ್ವತಃ ಸಂಗೀತಜ್ಞ. ಅವನ ಸಂಗೀತಮಹಲು ಟಿಕೋಟಾ ದಾರಿಯ ತೊರವಿಯಲ್ಲಿದೆ. ಗಗನಮಹಲಿನ ಮಾದರಿಯದು, ಅದಕ್ಕಿಂತ ಸಣ್ಣದು. ಹಾಡಿಗೆ ಬೇಕಾದುದು ಹಿರಿದಾದ ಮನೆಯಲ್ಲ, ಹದವಾದ ಮನೆ.

ಆದುದರಿಂದ ಹೇಳಿದೆನು: “ಸ್ಪೀಕರಿನ ಗಾತ್ರ ನೋಡಬ್ಯಾಡ. ಒಂದು ವ್ಯಾಟಿಗೆ ಎಷ್ಟು ಸದ್ದು ಕೊಡತದ, ಅದನ್ನ ನೋಡು. 3 ಡೆಸಿಬೆಲ್ ಹೆಚ್ಚು ಕೊಡೂದಾದರ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. ಓಮಿನ ಅಂಕಿ ಆಂಪ್ಲಿಫಾಯರ್ ಕೇಳಿದ್ದಕ್ಕಿಂತ ಕಡಿಮಿ ಇರಬಾರದು. ಮೂಲ್ಯಾಗ ಇಡಬ್ಯಾಡ, ಜಮಖಾನಿ ಹಾಸು, ಪರದೆ ಕಟ್ಟು.”

ತಿಂಗಳ ನಂತರ ಅವನ ಕರೆ ಬಂದಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆಂದನು: “ಮಾಮಾ, ಅವ್ವ ಹಾಡಿನ್ಯಾಗ ನನ್ನ ಹೆಸರು ಸೇರಿಸ್ಯಾಳ. ಇಷ್ಟು ದಿನ ಕೇಳಿಸಿರಲೇ ಇಲ್ಲ.”